ಮೇಗುಟಿ ಗುಡ್ಡದ ಮಾದರಿ: ಮೂರನೇ ವಾರ

ಐಹೊಳೆಯ ಮೇಗುಟಿ ಗುಡ್ಡವನ್ನು ರಟ್ಟಿನಲ್ಲಿ ಕಟ್ಟುತ್ತಿದ್ದೇನೆ ಅಂತ ಹೇಳಿದ್ದೆ. ಜೈನರ ಬಸದಿ, ಬೌದ್ಧರ ಗುಡಿ, ಅದಕ್ಕೂ ಹಳೆಯ ಕಲ್ಗೋರಿಗಳು, ಎಲ್ಲವೂ ಒಂದೇ ಗುಡ್ಡದಲ್ಲಿವೆ. ಫೋಟೋದಲ್ಲಿ ಇವು ಒಟ್ಟಿಗೆ ಸಿಗುವುದೇ ಇಲ್ಲ. ಅದಕ್ಕೇ ಈ ಮಾದರಿ.

ಈ ವಾರ ಗುಡ್ಡ ಎದ್ದು ನಿಂತಿತು. ಒಟ್ಟು 14 ಪದರ. ಐದನೆಯದಕ್ಕೆ ಮೈದಾ ಅಂಟು ಜಾಸ್ತಿಯಾಗಿ ರಟ್ಟು ಬಿಲ್ಲಿನ ಹಾಗೆ ಬಾಗಿತು. ರಾತ್ರಿಯಿಡೀ ಅಕ್ಕಿ ಮೂಟೆಯ ಕೆಳಗಿಟ್ಟ ಮೇಲೆ ನೆಟ್ಟಗಾಯಿತು.

ತುದಿಯ ಬಸದಿ ಬೇಗ ಮುಗಿಯಿತು. ಮೇಲಿನ ಗುಡಿ ಅನ್ನುವುದೇ ಮೇಗುಟಿ ಆದದ್ದು. ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ್ದು. ಮೂಡಣ ಗೋಡೆಯಲ್ಲಿ ಅವನದೇ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲೇ ಬರುತ್ತದೆ. ಶಾಸನ 19 ಸಾಲು, ಹಾಗಾಗಿ ಗೋಡೆಯ ಮೇಲೆ ಸೂಜಿಯಿಂದ 19 ಗೆರೆ ಎಳೆದೆ. ಅಕ್ಷರ ಮೂಡುವಷ್ಟು ಜಾಗವಿಲ್ಲ, ಆದರೆ ಲೆಕ್ಕ ತಪ್ಪಬಾರದು ಅಲ್ವಾ.

ವಾರವೆಲ್ಲ ಹಿಡಿದದ್ದು ತುದಿಗಿಂತ ಸ್ವಲ್ಪ ಕೆಳಗಿರುವ ಬೌದ್ಧ ಗುಡಿ. ಎರಡಂತಸ್ತಿನದು. ಮುಂದಿನ ಕಂಬಗಳ ಪಡಸಾಲೆ ಕಟ್ಟಿದ್ದು, ಹಿಂಭಾಗ ಬಂಡೆಯಲ್ಲಿ ಕೊರೆದದ್ದು. ಮೊದಲು ಪೆಟ್ಟಿಗೆಯ ಹಾಗೆ ಬೇರೆಯಾಗಿ ಮಾಡಿ ಇಳಿಜಾರಿಗೆ ಅಂಟಿಸಿದೆ. ಸುಮ್ನೆ ಎಲ್ಲಿಂದಲೋ ತಂದಿಟ್ಟ ಹಾಗೆ ಕಂಡಿತು. ಕಿತ್ತುಬಿಟ್ಟೆ. ಆಮೇಲೆ ಗುಡ್ಡದ ಪದರಗಳನ್ನೇ ಕೊರೆದು ಕೋಣೆ ಮಾಡಿ, ಕಂಬಗಳನ್ನು ಮಾತ್ರ ಹೊರಗಿನಿಂದ ನಿಲ್ಲಿಸಿದೆ. ಈಗ ಸರಿಯಾಗಿ ಕೂತಿದೆ. ಗುಡ್ಡ ಎಲ್ಲಿ ಮುಗಿದು ಗುಡಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ.

ಮೇಲಂತಸ್ತಿನ ಚಾವಣಿಯಲ್ಲಿ ಬುದ್ಧನ ಉಬ್ಬುಶಿಲ್ಪವಿದೆ. ಕತ್ತೆತ್ತದಿದ್ದರೆ ಕಾಣುವುದಿಲ್ಲ. ಮೊದಲ ಸಲ ಹೋದಾಗ ನಾನು ನೋಡದೆಯೇ ಬಂದಿದ್ದೆ. ಅದಕ್ಕೇ ಈ ಚಾವಣಿಗೆ ಬಟ್ಟೆಯ ಕೀಲು ಹಾಕಿದ್ದೇನೆ. ಎತ್ತಿದರೆ ಒಳಗೆ ಉಗುರಿನಷ್ಟು ಅಗಲದ ಜೇಡಿಮಣ್ಣಿನ ಬುದ್ಧ.

ಕಲ್ಗೋರಿಗಳಿಗೆ ಒಡೆದ ಹೆಂಚಿನ ಚೂರು ಬಳಸಿದೆ. ಸುತ್ತ ಚಪ್ಪಡಿ, ಮೇಲೊಂದು ಮುಚ್ಚಳ, ಅಷ್ಟೇ. ಕೆಳಗಿನ ಊರು ಇನ್ನೂ ಬಾಕಿ. ದುರ್ಗದ ಗುಡಿ ಆಗಬೇಕು (ಆ ಹೆಸರು ದೇವಿಯದಲ್ಲ, ಕೋಟೆಯದು). ಲಾಡಖಾನ್ ಗುಡಿಯೂ ಆಗಬೇಕು. ಆ ಹೆಸರಿನ ಮುಸ್ಲಿಮರೊಬ್ಬರು ಅಲ್ಲಿ ವಾಸವಿದ್ದರು, ಗುಡಿಗೆ ಅವರ ಹೆಸರೇ ಉಳಿಯಿತು.

ಈಗ ಬಣ್ಣದ ಕೆಲಸ. ಇಟ್ಟಿಗೆ ಪುಡಿಗೆ ಚೂರು ಅರಿಶಿನ ಕಲಸಿ ಮೂರು ಹದ ಮಾಡಿದ್ದೇನೆ. ಮೂರೂ ಕಿಟಕಿಯಲ್ಲಿ ಒಣಗುತ್ತಿವೆ. ಸಂಜೆ ಬಿಸಿಲಿನ ಮರಳುಗಲ್ಲಿಗೆ ಎರಡನೆಯದು ಹತ್ತಿರ ಬಂದಿದೆ.