ಶ್ರದ್ಧಾಂಜಲಿ ಬ್ಯಾನರ್: ಹೆಸರಿನ ಕೆಳಗಿನ ಎರಡು ಸಾಲು

ಕಾರವಾರದಲ್ಲಿ ನಮ್ಮದು ಡಿಟಿಪಿ, ಫ್ಲೆಕ್ಸ್ ಅಂಗಡಿ. ನೌಕಾನೆಲೆ ಇರುವ ಊರು, ಮಾಜಿ ಸೈನಿಕರೂ ಜಾಸ್ತಿ. ಹಾಗಾಗಿ ಹುತಾತ್ಮರ ಬ್ಯಾನರ್ ಕೆಲಸ ಆಗಾಗ ಬರುತ್ತದೆ. ಇದರಲ್ಲಿ ಡಿಸೈನ್ ಕಷ್ಟವಲ್ಲ. ಹೆಸರಿನ ಕೆಳಗೆ ಬರುವ ಎರಡು ಸಾಲು ಕಷ್ಟ.

ಹೋದ ವರ್ಷ ನಿವೃತ್ತ ಸುಬೇದಾರರೊಬ್ಬರು ಬಂದಿದ್ದರು. ಅವರ ಪಲ್ಟನ್‌ನ ಗೆಳೆಯ, ಪ್ಯಾರಾ ಕಮಾಂಡೋ, 1987ರಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡವರು. ನಮ್ಮ ಹುಡುಗ ಇಂಟರ್ನೆಟ್‌ನಿಂದ ಒಬ್ಬ ಕಮಾಂಡೋ ಫೋಟೋ ಇಳಿಸಿ, ಹಿಂದೆ ಹಿಮದ ಬೆಟ್ಟ ಜೋಡಿಸಿ ತೋರಿಸಿದ. ಸುಬೇದಾರರು ನಕ್ಕುಬಿಟ್ಟರು. "ತಮಾ, ಇಂವ ಅಮೆರಿಕದವ್ನು ಮಾರಾಯಾ. ಜಾಫ್ನಾದಲ್ಲಿ ಹಿಮ ಎಲ್ಲಿಂದ ಬಂತು?"

ಆಮೇಲೆ ಒಂದೊಂದೇ ಸಾಲು ಹಿಡಿದು ಕೂತೆವು. ಪಲ್ಟನ್ ಹೆಸರು '10 ಪ್ಯಾರಾ ಎಸ್‌ಎಫ್' ಅಂತ ಟೈಪ್ ಮಾಡಿದ್ದೆವು, ಈಗ ಎಲ್ಲರೂ ಹಾಗೇ ಬರೆಯುತ್ತಾರೆ. ಅವರು ಒಪ್ಪಲಿಲ್ಲ. ಆಗ ಅದು 10 ಪ್ಯಾರಾ ಕಮಾಂಡೋ. ಸ್ಪೆಷಲ್ ಫೋರ್ಸಸ್ ಅನ್ನುವ ಹೆಸರು ನಂತರ ಬಂದದ್ದು. ಸತ್ತವರು ಯಾವ ಹೆಸರಿನಡಿ ಹೋರಾಡಿದರೋ ಅದೇ ಇರಲಿ ಅಂದರು.

ತಾರೀಖಿಗೂ ಚರ್ಚೆ ಆಯಿತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಲ್ಲಿ ಇಳಿದ ದಾಳಿ ಅದು. ಎಲ್‌ಟಿಟಿಇ ನಾಯಕರನ್ನು ಹಿಡಿಯುವ ಯೋಜನೆ. ಎದುರಾಳಿಗಳಿಗೆ ಸುದ್ದಿ ಮೊದಲೇ ಸಿಕ್ಕಿತ್ತು. ಜೊತೆಗೆ ಇಳಿದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಮಂದಿ ಸತ್ತರು, ಒಬ್ಬರು ಸೆರೆಯಾದರು. ಕಮಾಂಡೋಗಳಲ್ಲಿ ಆರು ಮಂದಿ ಹೋದರು. ಅಕ್ಟೋಬರ್ 11ರ ರಾತ್ರಿ ಶುರುವಾಗಿ 12ಕ್ಕೂ ಮುಂದುವರಿದ ಕಾಳಗ, ಹಾಗಾದರೆ ಯಾವ ದಿನ ಹಾಕುವುದು? "ಅಂವ ಹೋದದ್ದು ಬೆಳಗಿನ ಜಾವ. 12 ಹಾಕು" ಅಂದರು. ಜೊತೆಗಿದ್ದವರ ಮಾತು, ಅಲ್ಲಿಗೆ ಮುಗಿಯಿತು.

'ಗಡಿ ಕಾಯುತ್ತ ವೀರಮರಣ' ಎಂಬ ಸಿದ್ಧ ಸಾಲನ್ನೂ ತೆಗೆಸಿದರು. ಅದು ಗಡಿಯಲ್ಲ, ಬೇರೆ ದೇಶ. ಆ ಕಾರ್ಯಾಚರಣೆಗೆ ನಮ್ಮ ಸೇನೆ ಇಟ್ಟ ಹೆಸರು, 'ಆಪರೇಷನ್ ಪವನ್, ಜಾಫ್ನಾ' ಅಂತ ದೊಡ್ಡದಾಗಿ ಬರಬೇಕು ಅಂದರು. ನೋಡಿದವರೆಲ್ಲ ಕಾರ್ಗಿಲ್ಲಾ ಅಂತ ಕೇಳುತ್ತಾರಂತೆ. ಶಾಂತಿಪಾಲನಾ ಪಡೆಗೆಂದು ಹೋಗಿ 1990ರ ತನಕ ಅಲ್ಲಿ ಸತ್ತ ನಮ್ಮವರು ಸುಮಾರು 1,200. ನಮ್ಮ ಅಂಗಡಿಗೆ ಅವರಲ್ಲಿ ಒಬ್ಬರ ಹೆಸರು ಬಂದದ್ದು ಅದೇ ಮೊದಲು.

ಫೋಟೋ ಮಾತ್ರ ಪಾಸ್‌ಪೋರ್ಟ್ ಅಳತೆಯ ಹಳೇ ಕಪ್ಪು-ಬಿಳುಪು. ಎಐ ಆ್ಯಪ್‌ಗೆ ಹಾಕಿದರೆ ಮುಖ ನುಣ್ಣಗಾಗುತ್ತದೆ, ಆದರೆ ಬೇರೆಯವರ ಮುಖವಾಗುತ್ತದೆ. ಹಾಗಾಗಿ ಚೆನ್ನಾಗಿ ಸ್ಕ್ಯಾನ್ ಮಾಡಿ ಚಿಕ್ಕದಾಗಿಯೇ ಬಿಟ್ಟೆ, ಸುತ್ತ ಖಾಲಿ ಜಾಗ. ಕೆಳಗೆ ಪುಢಾರಿಗಳ ಫೋಟೋ ಸಾಲು ಬೇಡ ಅಂದದ್ದೂ ಅವರೇ. ಪುಣ್ಯ!

ಈಗ ಇಂಥ ಆರ್ಡರ್ ಬಂದರೆ ಆಗಿನ ಹುದ್ದೆ, ಪಲ್ಟನ್, ಜಾಗ, ತಾರೀಖು ಮೊದಲು ಕೇಳುತ್ತೇನೆ. ನಮ್ಮ ಚೆಂಡಿಯಾದ ಮೇಜರ್ ರಾಮ ರಾಘೋಬ ರಾಣೆಯವರ ಬ್ಯಾನರ್‌ಗೂ ಇದೇ ಲೆಕ್ಕ. 1948ರಲ್ಲಿ ರಜೌರಿ ದಾರಿಯ ಮೈನ್ ತೆಗೆದು ಪರಮವೀರ ಚಕ್ರ ಪಡೆದಾಗ ಅವರು ಸೆಕೆಂಡ್ ಲೆಫ್ಟಿನೆಂಟ್. ತೀರಿಕೊಂಡದ್ದು 1994ರಲ್ಲಿ. 'ಹುತಾತ್ಮ' ಅಂತ ಬರೆದುಕೊಂಡು ಬಂದರೆ ಆ ಪದ ತೆಗೆದೇ ಪ್ರಿಂಟ್ ಕೊಡುತ್ತೇನೆ.