ಡೈನಮೋದ ಅಯಸ್ಕಾಂತ, ಸೈಕಲ್ ಕಡ್ಡಿ

16 ನವೆಂಬರ್ 2025, ಭಾನುವಾರ
ಸದಾಶಿವಗಡ

ಸಂತೆಯಿಂದ ಬಂದು ಚೀಲ ಇಳಿಸಿದ್ದಷ್ಟೇ. ಕೈಕಾಲು ಸೋತಿದೆ. ಆದರೂ ಸೈಕಲ್ ರಿಪೇರಿಯ ಮಾಮ ಹೇಳಿದ್ದೆಲ್ಲ ಮರೆಯುವ ಮೊದಲು ಬರೆದಿಡಬೇಕು.

ಸೈಕಲ್ ತಗೊಳ್ಳುವ ವಿಷಯ ಮಳೆಗಾಲದಿಂದಲೂ ತಲೆಯಲ್ಲಿದೆ. ಮನೆಯಿಂದ ಆಫೀಸಿಗೆ ಐದಾರು ಕಿಲೋಮೀಟರ್. ಟೆಂಪೊ ಕಾಯುವ ಹೊತ್ತಿಗೆ ಅರ್ಧ ದಾರಿ ಮುಗಿಸಬಹುದು. ದಿನವಿಡೀ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಎಲ್ಲಿಂದ ತರಲಿ? ಹೋಗಿ ಬರುವ ದಾರಿಯಲ್ಲೇ ಮೈ ಬೆವರಿದರೆ ಸಾಕು. ರಜೆ ದಿನ ಮಾಜಾಳಿ ಕಡೆ ಒಂದು ಸುತ್ತು, ಕಾಲಿಗೆ ಬಲ ಬಂದ ಮೇಲೆ ಬಿಣಗಾ ಘಾಟಿ. ಇಷ್ಟೇ ಆಸೆ. ದುಡ್ಡು ಮಾತ್ರ 15,000 ದಾಟುವ ಹಾಗಿಲ್ಲ.

ಹೋದ ವಾರ ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ "ಲೇಡೀಸ್ ಸೈಕಲ್ ಅಲ್ವಾ ಮೇಡಂ" ಎಂದು ಬುಟ್ಟಿ ಇರುವ ಗುಲಾಬಿ ಬಣ್ಣದ್ದನ್ನು ಎಳೆದು ತಂದರು. ಗೇರಿಲ್ಲ, ಎತ್ತಿ ನೋಡಿದರೆ ಹೆಣಭಾರ. ಬೇಡ ಎಂದೆ. ಆಗ ಬಂತು ಮುಂದೆ ಕುಲುಕು ತಡೆಯುವ ಶಾಕ್, ದಪ್ಪ ಟಯರ್, 21 ಗೇರ್ ಇರುವ ಎಂಟಿಬಿ, ಅಂದರೆ ಗುಡ್ಡದ ದಾರಿಯ ಸೈಕಲ್. "ಈಗ ಎಲ್ಲರೂ ಒಯ್ಯೋದು ಇದನ್ನೇ." ನಾನು ಯಾವ ರಸ್ತೆಯಲ್ಲಿ ಹೊಡೆಯುತ್ತೇನೆ, ನನ್ನ ಎತ್ತರ ಎಷ್ಟು, ಒಬ್ಬರೂ ಕೇಳಲಿಲ್ಲ. ಬೆಲೆಯೂ ಹಳೇ ಸ್ಟಿಕ್ಕರಿನದ್ದೇ, 14,500. ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆ ಲೆಕ್ಕದಲ್ಲಿ ಒಂಬೈನೂರು ರೂಪಾಯಿ ಕಮ್ಮಿ ಆಗಬೇಕು. ಕೇಳಿದ್ದಕ್ಕೆ "ಅದೆಲ್ಲ ಸೇರಿಸಿಯೇ ಹೇಳಿದ್ದು" ಎಂದರು. ಸಿಟ್ಟು ಬಂತು. ನಮ್ಮಂಥವರಿಗೆ ಒಂಬೈನೂರು ಸಣ್ಣ ದುಡ್ಡಲ್ಲ. ಮಡ್‌ಗಾರ್ಡು, ಹಿಂದಿನ ಕೆಂಪು ಲೈಟು ಅದರಲ್ಲೇ ಬರುತ್ತದೆ.

ಇವತ್ತು ಬರುವಾಗ ಕೋಡಿಬಾಗದಲ್ಲಿ ಇಳಿದು ಮಾಮನ ರಿಪೇರಿ ಅಂಗಡಿಗೆ ಹೋದೆ. ಅಪ್ಪನ ಅಟ್ಲಾಸ್ ಸೈಕಲ್ಲಿನ ಪಂಕ್ಚರ್ ಹಾಕುತ್ತಿದ್ದವರೇ.

"ಎಲ್ಲಿಂದ ಎಲ್ಲಿಗೆ ಹೊಡೆಯೋದು ತಂಗಿ?" ಮೊದಲು ಕೇಳಿದ್ದೇ ಇದನ್ನು.

"ಗಡದಿಂದ ಕಾರವಾರಕ್ಕೆ ಮಾಮ. ಆಫೀಸಿಗೆ."

"ಡಾಂಬರು ರಸ್ತೆ. ಮತ್ತೆ ಶಾಕು ಎಂತಕ್ಕೆ?"

ಈ ಬೆಲೆಯ ಸೈಕಲ್ಲಿನಲ್ಲಿ ಶಾಕ್ ಅಂದರೆ ಬರೀ ಸ್ಪ್ರಿಂಗು ಅಂತೆ. ಎರಡು ಕೆಜಿ ಮೇಲೆ ಭಾರ. ಏರಿನಲ್ಲಿ ಎದ್ದು ನಿಂತು ತುಳಿದರೆ ನಮ್ಮ ಬಲ ಸ್ಪ್ರಿಂಗ್ ಒತ್ತುವುದಕ್ಕೇ ಹೋಗುತ್ತದೆ. ಮುಳ್ಳುಮುಳ್ಳು ಟಯರು ಮಣ್ಣು ದಾರಿಗೆ ಸರಿ, ಡಾಂಬರಿನ ಮೇಲೆ ಎಳೆತ ಜಾಸ್ತಿ. "ನಿಂಗೆ 700ರ ಗಾಲಿ, 35ರ ಟಯರು ಸಾಕು" ಎಂದರು. 700 ಅಂದರೆ ಗಾಲಿಯ ಅಳತೆ, 35 ಅಂದರೆ ಟಯರಿನ ಅಗಲ, ಮಿಲಿಮೀಟರಿನಲ್ಲಿ. ರೇಸ್ ಸೈಕಲ್ಲಿನದು 23, 25 ಇರುತ್ತದೆ, ಹೈವೇ ಬದಿಯ ಜಲ್ಲಿಗೆ ಅದು ತೀರಾ ತೆಳು. ರೇಸ್ ಸೈಕಲ್ಲಿಗೂ ಎಂಟಿಬಿಗೂ ನಡುವಿನದು, ಹೈಬ್ರಿಡ್ ಅಂತ ಮಾರುತ್ತಾರಲ್ಲ, ಅದನ್ನೇ ಹುಡುಕು ಅಂದರು. ಗೇರು ಹಿಂದೆ ಏಳಿದ್ದರೆ ಆಯಿತು. ಮುಂದೆ ಮೂರು ಹಾಕಿ, ಮೂರೇಳು 21 ಎಂದು ಬರೆದರೂ ಅದರಲ್ಲಿ ಎಷ್ಟೋ ಗೇರು ಒಂದರ ಹಾಗೇ ಇನ್ನೊಂದು.

"ಅಲ್ಯೂಮಿನಿಯಂ ಫ್ರೇಮ್ ಆದರೆ ತುಕ್ಕಿನ ಚಿಂತೆ ಇಲ್ಲ ಅಲ್ವಾ?"

"ಫ್ರೇಮಿಗೆ ಇಲ್ಲ. ಬೋಲ್ಟಿಗೆ? ಚೈನಿಗೆ? ಕೇಬಲ್ಲಿಗೆ?"

ಹೀಗೆಂದು ಮೂಲೆಯ ಡಬ್ಬದಿಂದ ಹಳೇ ಡೈನಮೋ ಒಂದನ್ನು ತೆಗೆದರು. ಗಾಲಿಗೆ ತಾಗಿಸಿ ಲೈಟು ಉರಿಸುತ್ತಿದ್ದೆವಲ್ಲ, ಅದೇ. ಬಿಚ್ಚಿ ಒಳಗಿನ ಉರುಟು ಅಯಸ್ಕಾಂತ ಹೊರತೆಗೆದು, ರಿಪೇರಿಗೆ ನಿಂತಿದ್ದ ಒಂದು ಸೈಕಲ್ಲಿನ ಕಡ್ಡಿಗೆ ಮುಟ್ಟಿಸಿದರು. ಟಕ್ ಎಂದು ಅಂಟಿತು. ಪಕ್ಕದ ಸೈಕಲ್ಲಿನ ಕಡ್ಡಿಗೆ ಹಿಡಿದರು, ನಿಲ್ಲಲಿಲ್ಲ, ಜಾರಿ ಅವರ ಕೈಗೇ ಬಿತ್ತು. ಅಂಟಿದ್ದು ಪಾಲಿಶ್ ಹಾಕಿದ ಕಬ್ಬಿಣ. ಬಗ್ಗಿ ನೋಡಿದರೆ ಕಡ್ಡಿ ರಿಮ್ಮಿಗೆ ಸೇರುವಲ್ಲಿ ಆಗಲೇ ಕೆಂಪು ಪುಡಿ. ಜಾರಿದ್ದು ಸ್ಟೇನ್‌ಲೆಸ್ ಸ್ಟೀಲು, ಮಿರಿಮಿರಿ ಇತ್ತು. ನೋಡಲು ಎರಡೂ ಸೈಕಲ್ ಹೆಚ್ಚುಕಮ್ಮಿ ಒಂದೇ ಪ್ರಾಯದವು. ಸಮುದ್ರದ ಗಾಳಿಯಲ್ಲಿ ಬದುಕುವ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದನ್ನೂ ತೋರಿಸಿದರು. ಯಾವುದೋ ಹುಡುಗನ ಸೈಕಲ್ಲು. ಫ್ರೇಮು ಕಬ್ಬಿಣದ್ದು, ಸೀಟಿನ ಪೈಪು ಅಲ್ಯೂಮಿನಿಯಂ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಬಿಳಿ ಪುಡಿ ಕಟ್ಟಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹುಡುಗ ಎತ್ತರ ಬೆಳೆದಿದ್ದಾನೆ, ಸೀಟು ಏಳುತ್ತಿಲ್ಲ. ಪಾಪ, ಮಂಡಿ ಮಡಚಿಕೊಂಡೇ ಶಾಲೆಗೆ ಹೋಗುತ್ತಿದ್ದಾನಂತೆ. ಹೊಸದು ತಂದ ದಿನವೇ ಆ ಪೈಪು ಹೊರಗೆಳೆದು ಗ್ರೀಸ್ ಹಚ್ಚಬೇಕು, ಆಮೇಲೂ ವರ್ಷಕ್ಕೊಮ್ಮೆ. ಮಾಮ ಇದನ್ನು ಮತ್ತೆ ಮತ್ತೆ ಹೇಳಿದರು.

ನನ್ನ ಅಳತೆ ಕೇಳಿದವರೂ ಅವರೇ. ಮನೆಗೆ ಬಂದು, ಹೇಳಿದ ಹಾಗೆ ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ಕಾಲ ಸಂದಿಗೆ ಮಗಳ ನೋಟ್‌ಬುಕ್ ಇಟ್ಟು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದೆವು. 74 ಸೆಂಟಿಮೀಟರ್. ಫ್ರೇಮಿನ ಮೇಲಿನ ಪೈಪು ಇದಕ್ಕಿಂತ ಎರಡು ಮೂರು ಸೆಂಟಿಮೀಟರ್ ಆದರೂ ಕೆಳಗಿರಬೇಕು. ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲಿಗೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಚೂರೇ ಚೂರು ಬಾಗಿರುತ್ತದೆ. ಮಂಡಿ ನೋವು ಬರುವುದು ಹೆಚ್ಚಾಗಿ ಸೀಟು ತಗ್ಗಿಸಿಕೊಂಡು ತುಳಿಯುವುದರಿಂದ. ಮಗಳಿಗೂ ಅಳತೆ ತೆಗೆಯಬೇಕಂತೆ! ಅವಳ ಖುಷಿ ನೋಡಬೇಕಿತ್ತು.

ಬ್ರೇಕಿನ ವಿಷಯದಲ್ಲಿ ಮಾತ್ರ ಮಾಮನ ಮಾತು ನನಗಿನ್ನೂ ಒಪ್ಪಿಗೆ ಆಗಿಲ್ಲ. ರಿಮ್ಮಿಗೆ ಹಿಡಿಯುವ ವಿ-ಬ್ರೇಕೇ ಸಾಕು ಎನ್ನುತ್ತಾರೆ. ರಬ್ಬರು ಎಲ್ಲಿ ಬೇಕಾದರೂ ಸಿಗುತ್ತದೆ, ನಾನೇ ಬದಲಾಯಿಸಬಹುದು. ಸರಿ. ಆದರೆ ನಮ್ಮಲ್ಲಿ ಜೂನ್ ಬಂತೆಂದರೆ ರಿಮ್ಮು ಒಣಗುವುದೇ ಇಲ್ಲ, ಒದ್ದೆ ರಿಮ್ಮಿನಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ. ಗಾಲಿಯ ನಡುವಿನ ತಟ್ಟೆಗೆ ಹಿಡಿಯುವ ಡಿಸ್ಕ್ ಆದರೆ ಮಳೆಯಲ್ಲೂ ಹಿಡಿತ ಚೆನ್ನಾಗಿರುತ್ತದೆ. ಅದರ ಪ್ಯಾಡು ಸವೆದರೆ? ಹುಬ್ಬಳ್ಳಿಗೋ ಮಡಗಾಂವಿಗೋ ಹೇಳಿ ತರಿಸಬೇಕು. ಬೆಲೆಯೂ ಹೆಚ್ಚು.

ಇಷ್ಟೆಲ್ಲ ಉತ್ಸಾಹದಲ್ಲಿ ಅಣ್ಣನಿಗೆ ಫೋನ್ ಮಾಡಿದೆ. "ಆ ಸೇತುವೆ ಮೇಲೆ ಸೈಕಲ್ಲಾ? ಸುಮ್ನೆ ಸ್ಕೂಟಿ ತಗೋ" ಎಂದ. ಆಮೇಲೆ ಊಟವೇ ಸೇರಲಿಲ್ಲ.

ಅವನು ಹೇಳಿದ್ದು ಸುಳ್ಳಲ್ಲ. 2024ರ ಆಗಸ್ಟಿನಲ್ಲಿ ಗಡಕ್ಕೂ ಕಾರವಾರಕ್ಕೂ ನಡುವಿನ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಕುಸಿಯಿತಲ್ಲ, ಆಮೇಲೆ ಎರಡೂ ಕಡೆಯ ಗಾಡಿ ಹೊಸ ಸೇತುವೆ ಮೇಲೇ. ಗೋವಾ ಲಾರಿ, ಬಸ್ಸು ಎಲ್ಲ. ಸಂಜೆ ಮನೆಗೆ ಬರುವಾಗ ಸಮುದ್ರ ಎಡಗಡೆ. ಗಾಳಿ ಜೋರಾಗುವುದೂ ಅದೇ ಹೊತ್ತಿಗೆ, ದೂಡುವುದು ಬಲಕ್ಕೆ, ಲಾರಿಗಳ ಕಡೆಗೆ. ಬೆಳಿಗ್ಗೆ ಬೇಗ ಹೊರಟರೆ ತೊಂದರೆ ಇಲ್ಲ. ಹೆದರಿಕೆ ಸಂಜೆಯದ್ದೇ. ಬೆನ್ನಿಗೆ ಹೊಳೆಯುವ ಜಾಕೆಟ್ಟು, ಹಿಂದೆ ಲೈಟು, ಕನ್ನಡಿ ಒಂದು ಹಾಕಿಸಿದರೆ?

ನಾಳೆ ಟೆಂಪೊದಲ್ಲಿ ಎಡಗಡೆ ಕಿಟಕಿಗೆ ಕೂತು ಸೇತುವೆ ಅಂಚಿನಲ್ಲಿ ಜಾಗ ಎಷ್ಟಿದೆ ಅಂತ ಸರಿಯಾಗಿ ನೋಡಬೇಕು. ಹ್ಯಾಂಡಲ್ ಅಗಲವೇ ಎರಡು ಅಡಿ ಆಗುತ್ತದೆ. ಅಂದರೆ ಲಾರಿಗೂ ನನಗೂ ನಡುವೆ ಉಳಿಯುವುದು...