11 ಡಾಲರ್ ಬೆಟ್ಟು, ಒಂದು ಎಕ್ಸೆಲ್ ಶೀಟು, ಮತ್ತೆ ಕೊರಿಯಾ ಬ್ಯಾಸ್ಕೆಟ್‌ಬಾಲು

ಮೊದಲೇ ಹೇಳ್ಬಿಡ್ತೀನಿ, ನಾನು ಬ್ಯಾಸ್ಕೆಟ್‌ಬಾಲ್ ಮೇಲೆ ಬೆಟ್ ಕಟ್ತೀನಿ. ಊರಲ್ಲಿ ಅಮ್ಮಂಗೆ ಹೇಳಿಲ್ಲ, ಹೇಳಿದ್ರೆ ಜೂಜು ಅಂತಾರೆ, ಜೂಜೇ ಬಿಡಿ, ಫೋನಲ್ಲಿ ಆಡಿದ ಮಾತ್ರಕ್ಕೆ ಅದೇನು ಭಜನೆ ಆಗಲ್ಲ. ಇರೋದು ನ್ಯೂಜೆರ್ಸಿಯ ಜೆರ್ಸಿ ಸಿಟಿಲಿ, ಇಲ್ಲಿ 21 ವರ್ಷ ಆದವರಿಗೆ ಇದು ಕಾನೂನುಬದ್ಧ. 2018ರ ಮೇ 14ಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1992ರ ಹಳೇ ನಿಷೇಧದ ಕಾನೂನನ್ನ ಹೊಡೆದುಹಾಕ್ತು, ಆ ಕೇಸನ್ನ ಅಲ್ಲಿವರೆಗೂ ಒಯ್ದಿದ್ದೇ ನಮ್ಮ ನ್ಯೂಜೆರ್ಸಿ, ಸರಿಯಾಗಿ ಒಂದು ತಿಂಗಳಿಗೆ ಮಾನ್‌ಮತ್ ಪಾರ್ಕ್ ರೇಸ್‌ಕೋರ್ಸಲ್ಲಿ ಬೆಟ್ಟಿಂಗ್ ಕೌಂಟರ್ ತೆರೀತು, ಆಗಸ್ಟ್ ಹೊತ್ತಿಗೆ ಅದು ಫೋನಿಗೇ ಬಂದು ಕೂತ್ಕೊಳ್ತು. ಅಲ್ಲೇ ಎಡವಟ್ಟಾಗಿದ್ದು. ರೇಸ್‌ಕೋರ್ಸಿಗೆ ಹೋಗಬೇಕಂದ್ರೆ ಶರ್ಟ್ ಹಾಕ್ಕೊಂಡು ಕಾರ್ ತೆಗೀಬೇಕು, ಫೋನಿಗಾದ್ರೆ ಹಾಸಿಗೆಯಿಂದ ಏಳೋದೂ ಬೇಡ.

2023ರ ಚಳಿಗಾಲದ ಒಂದು ಶುಕ್ರವಾರ ರಾತ್ರಿ ಹೇಳ್ತೀನಿ ಕೇಳಿ. ವೆಸ್ಟ್ ಕೋಸ್ಟ್ ಮ್ಯಾಚು, ನಮ್ಮ ಕಡೆ ಹತ್ತು ಗಂಟೆಗೆ ಶುರುವಾಗೋದು. ಟೀಮ್‌ಗಳ ಹೆಸರು ಕೂಡ ಈಗ ಸರಿಯಾಗಿ ನೆನಪಿಲ್ಲ, ಸ್ಪ್ರೆಡ್ ಮಾತ್ರ ನೆನಪಿದೆ, 4.5. ಅಂದ್ರೆ ನಾನು ಕಟ್ಟಿದ ಟೀಮ್ ಗೆದ್ರೆ ಸಾಲದು, ಐದು ಪಾಯಿಂಟಾದ್ರೂ ಮುಂದಿರಬೇಕು. ಕೊನೇ 11 ಸೆಕೆಂಡ್, ಆರು ಪಾಯಿಂಟ್ ಲೀಡು, ಮ್ಯಾಚ್ ಮುಗ್ದೇ ಹೋಗಿದೆ, ಕೋಚ್‌ಗಳು ಆಗಲೇ ಕೈಕುಲುಕೋಕೆ ಹೊರಟಿದ್ದಾರೆ, ಜನ ಎದ್ದು ಪಾರ್ಕಿಂಗ್ ಕಡೆ ನಡೀತಿದ್ದಾರೆ. ಸೋಲ್ತಿರೋ ಟೀಮಿನ ಒಬ್ಬ ಹುಡುಗ ಸುಮ್ಮನೆ ಚೆಂಡನ್ನ ತಂದು, ಅವನ ಎದುರಿಗೆ ಯಾರೂ ಕೈ ಕೂಡ ಎತ್ತಲಿಲ್ಲ, ಹಂಗೇ ದೂರದಿಂದ ಎಸೆದ. ಬಿತ್ತು. ಮೂರು ಪಾಯಿಂಟು, ಲೀಡು ಆರರಿಂದ ಮೂರಕ್ಕೆ ಇಳೀತು. ಸ್ಟೇಡಿಯಂನಲ್ಲಿದ್ದ ಒಬ್ಬನಿಗೂ ಅದರಿಂದ ಏನೂ ಆಗಲಿಲ್ಲ, ಜೆರ್ಸಿ ಸಿಟಿಲಿ ರಗ್ಗು ಹೊದ್ದು ಮಲಗಿದ್ದ ನನ್ನ 200 ಡಾಲರ್ ಹೋಯ್ತು. ನನ್ನ ಟೀಮ್ ಗೆದ್ದಿದೆ, ನಾನು ಸೋತಿದ್ದೀನಿ.

ಅಷ್ಟಕ್ಕೇ ಮಲಗಿದ್ರೆ ಈ ಪೋಸ್ಟೇ ಬರೀತಿರ್ಲಿಲ್ಲ. ಮಲಗಲಿಲ್ಲ. ಹೋದ ದುಡ್ಡು ಈಗಲೇ ವಾಪಸ್ ಬರಬೇಕು ಅನ್ನೋ ಒಂದು ಉರಿ ಇರುತ್ತಲ್ಲ, ಇಸ್ಪೀಟ್ ಆಡಿದವರಿಗೆ ಗೊತ್ತು, ಆ ಉರೀಲಿ ಆಪ್ ಸ್ಕ್ರೋಲ್ ಮಾಡ್ತಾ ಹೋದೆ, ಅಮೆರಿಕದಲ್ಲಿ ಎಲ್ಲಾ ಮ್ಯಾಚೂ ಮುಗ್ದಿದೆ, ಆದ್ರೆ ಕೊರಿಯಾದಲ್ಲಿ ಶನಿವಾರ ಮಧ್ಯಾಹ್ನ, ಅಲ್ಲಿನ ಲೀಗ್ ಮ್ಯಾಚ್ ನಡೀತಾ ಇದೆ. ಆ ಟೀಮ್‌ಗಳ ಹೆಸರು ಓದೋಕೂ ಬರಲ್ಲ ನನಗೆ, ಒಬ್ಬ ಆಟಗಾರನೂ ಗೊತ್ತಿಲ್ಲ. ಲೈವ್‌ನಲ್ಲಿ, ಅಂದ್ರೆ ಆಟ ನಡೀತಿರುವಾಗ್ಲೇ ಕಟ್ಟೋ ಬೆಟ್ಟಲ್ಲಿ, 50, ಆಮೇಲೆ 100, ಆಮೇಲೆ ಇನ್ನೊಂದು 100. ರಗ್ಗಿನ ಒಳಗೆ ಬೆಳಕು ನೋಡಿ ಹೆಂಡತಿಗೆ ಎಚ್ಚರ ಆಯ್ತು.

"ಯಾರ ಜೊತೆ ಚಾಟ್ ಮಾಡ್ತಿದ್ದೀರ ಇಷ್ಟೊತ್ನಲ್ಲಿ?"

"ಚಾಟ್ ಅಲ್ಲ ಕಣೆ, ಕೊರಿಯಾ ಬ್ಯಾಸ್ಕೆಟ್‌ಬಾಲ್."

ಅವಳು ಎದ್ದು ಕೂತು ಎರಡು ನಿಮಿಷ ನನ್ನ ಮುಖಾನೇ ನೋಡಿದ್ಲು. "ಯಾವಳೋ ಹುಡುಗಿ ಅಂದಿದ್ರೆ ಜಗಳ ಆಡಬಹುದಿತ್ತು ಕಣ್ರೀ, ಇದಕ್ಕೆ ಏನಂತ ಆಡ್ಲಿ?" ಅಂದ್ಲು.

ಆ ತಿಂಗಳು ಒಟ್ಟು ಹೋಗಿದ್ದು 1,140 ಡಾಲರ್. ನನಗೆ ಅದು ಗೊತ್ತೇ ಇರಲಿಲ್ಲ, 300-400 ಇರಬಹುದು ಅಂತ ಅಂದ್ಕೊಂಡಿದ್ದೆ, ಮಾರನೇ ದಿನ ಅವಳೇ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಕೊಂಡು ಕೂಡಿಸಿ ಹೇಳಿದ್ದು. ಗೆದ್ದಿದ್ದು ತಲೇಲಿ ಉಳಿಯುತ್ತೆ, ಸೋತಿದ್ದು ಜಾರಿ ಹೋಗುತ್ತೆ. ಅದಕ್ಕೇ ಈಗ ಎಕ್ಸೆಲ್ ಶೀಟ್ ಇದೆ, ಗೂಗಲ್ ಡ್ರೈವಲ್ಲಿ, ಅವಳಿಗೂ ಆಕ್ಸೆಸ್ ಇದೆ. ಪ್ರತಿ ಬೆಟ್ಟಿಗೂ ಒಂದು ಸಾಲು: ತಾರೀಕು, ಮ್ಯಾಚು, ಎಷ್ಟು, ಯಾಕೆ ಕಟ್ಟಿದೆ, ಏನಾಯ್ತು. "ಯಾಕೆ" ಅನ್ನೋ ಕಾಲಮ್ ತುಂಬ್ಸೋಕೆ ಆಗಲಿಲ್ಲ ಅಂದ್ರೆ ಆ ಬೆಟ್ ಕಟ್ಟಲ್ಲ. ಅರ್ಧಕ್ಕರ್ಧ ಬೆಟ್ಟು ಅಲ್ಲೇ ಸಾಯ್ತಾವೆ.

ಲೆಕ್ಕ ಅಂದ್ಮೇಲೆ ಒಂದು ಮಾತು ಹೇಳ್ಬೇಕು, ಇದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಸ್ಪ್ರೆಡ್ ಬೆಟ್ಟಲ್ಲಿ ಸಾಮಾನ್ಯವಾಗಿ 110 ಕಟ್ಟಿದ್ರೆ 100 ಲಾಭ. ನೂರು ಸಲ ಕಟ್ಟಿ ಐವತ್ತು ಗೆದ್ದು ಐವತ್ತು ಸೋತ್ರೆ ಸಮ ಆಗಬೇಕಲ್ವಾ, ಆಗಲ್ಲ, 5,000 ಬಂತು 5,500 ಹೋಯ್ತು, 500 ಕಂಪನಿ ಜೇಬಿಗೆ. ಬರೀ ಅಸಲು ಉಳಿಸ್ಕೊಳ್ಳೋಕೇ ನೂರಕ್ಕೆ 52.4ರಷ್ಟು ಗೆಲ್ಲಬೇಕು. ನನ್ನಂಥವನು, ಕಾಲೇಜಲ್ಲಿ ಮಂಡ್ಯದ ಬಿಸಿಲಲ್ಲಿ ಪಾಯಿಂಟ್ ಗಾರ್ಡ್ ಆಡಿದ್ದೆ ಅನ್ನೋ ಒಂದೇ ಜಂಭ ಇಟ್ಕೊಂಡು, ದಿನಾ ಬೆಳಗಾದ್ರೆ ಇದನ್ನೇ ಲೆಕ್ಕ ಹಾಕೋ ಕಂಪನಿಯವರಿಗಿಂತ ಜಾಸ್ತಿ ಕರೆಕ್ಟಾಗಿ ಹೇಳ್ತೀನಾ? ಇಲ್ಲ ಕಣ್ರೀ. ಕಳೆದ ಸೀಸನ್ನಲ್ಲಿ 61 ಬೆಟ್, 29 ಗೆದ್ದೆ, 32 ಸೋತೆ. ಪ್ರತಿ ಬೆಟ್ಟೂ 11 ಡಾಲರ್, ಗೆದ್ರೆ 10. ಕಳ್ಕೊಂಡಿದ್ದು 62 ಡಾಲರ್. ಆರೇಳು ತಿಂಗಳ ಮನರಂಜನೆಗೆ 62 ಡಾಲರ್ ಕೊಟ್ಟೆ ಅಂತ ನಾನು ಬರ್ಕೊಳ್ಳೋದು, ನೆಟ್‌ಫ್ಲಿಕ್ಸಿಗೆ ಕೊಟ್ಟಂಗೆ, ಆ ದುಡ್ಡು ವಾಪಸ್ ಬರಬೇಕು ಅಂತ ನೆಟ್‌ಫ್ಲಿಕ್ಸ್ ಮೇಲೆ ಯಾರೂ ಹಠ ಹಿಡಿಯಲ್ಲ.

ಪಾರ್ಲೇ ಅಂತ ಇನ್ನೊಂದಿದೆ, ನಾಲ್ಕು ಮ್ಯಾಚ್ ಸೇರಿಸಿ ಒಂದೇ ಬೆಟ್, ನಾಲ್ಕೂ ಗೆದ್ರೆ ಮಾತ್ರ ದುಡ್ಡು. ಜಾಹೀರಾತಲ್ಲೆಲ್ಲಾ ಅದೇ, ಯಾಕಂದ್ರೆ ಕಂಪನಿಗೆ ಅದರಲ್ಲೇ ಲಾಭ. ನಾಲ್ಕೂ ಫಿಫ್ಟಿ-ಫಿಫ್ಟಿ ಅಂದ್ರೆ 16ರಲ್ಲಿ ಒಂದು ಸಲ ಹೊಡೆಯುತ್ತೆ, 10 ಡಾಲರಿಗೆ ನ್ಯಾಯವಾಗಿ 150 ಲಾಭ ಕೊಡಬೇಕು, ಕೊಡೋದು 122-123. ಒಂಟಿ ಬೆಟ್ಟಲ್ಲಿ ನೂರಕ್ಕೆ ನಾಲ್ಕೂವರೆ ಕಿತ್ಕೊಳ್ಳೋರು ಇಲ್ಲಿ 17 ಕಿತ್ಕೊಳ್ತಾರೆ. ನಾನು ಬಿಟ್ಟೆ. ಲೈವ್ ಬೆಟ್ಟಿಂಗೂ ಬಿಟ್ಟೆ, ಅದಕ್ಕೆ ಕಾರಣ ಬೇರೆ: ಮನೆ ಟೀವಿಲಿ ಸ್ಟ್ರೀಮಿಂಗ್ ಬರೋದೇ ಲೇಟು, ನಾನು "ಹಾಕ್ತಾನೆ ನೋಡು" ಅನ್ನೋಷ್ಟರಲ್ಲಿ ಅವನು ಅಲ್ಲಿ ಹಾಕಿ ಆಗಿರುತ್ತೆ, ಆಪಲ್ಲಿ ರೇಟೂ ಬದಲಾಗಿರುತ್ತೆ.

ಇದೆಲ್ಲಾ ಲೆಕ್ಕದ ವಿಷಯ ಆಯ್ತು, ಲೆಕ್ಕ ಗೊತ್ತಿದ್ದೂ ಆ ರಾತ್ರಿ ಕೊರಿಯಾಗೆ ಹೋದವನು ನಾನೇ, ಬಿ.ಇ. ಓದಿದವನು. ರಾತ್ರಿ ಒಂದು ಗಂಟೆಗೆ ಆಪ್ ಹಿಡ್ಕೊಂಡು ಕೂತಿರೋ ನಾನು ಬೇರೆ, ಬೆಳಿಗ್ಗೆ ಕಾಫಿ ಕುಡೀತಾ ಇರೋ ನಾನು ಬೇರೆ. ಬೆಳಗಿನವನು ಹೋಗಿ ರಾತ್ರಿಯವನ ಕೈ ಕಟ್ಟಿ ಬರಬೇಕು. ಅದಕ್ಕೆ ಒಂದು ಒಳ್ಳೆ ಉಪಾಯ ಇಲ್ಲಿನ ರೂಲ್ಸಲ್ಲೇ ಇದೆ, ಡೆಪಾಸಿಟ್ ಲಿಮಿಟ್ ಅಂತ, ಆಪಿಗೆ ಎಷ್ಟು ದುಡ್ಡು ಹಾಕಬಹುದು ಅನ್ನೋದಕ್ಕೆ ನಾವೇ ಇಟ್ಕೊಳ್ಳೋ ಮಿತಿ. ಲಿಮಿಟ್ ಇಳಿಸಿದ್ರೆ ಬೇಗ ಜಾರಿಗೆ ಬರುತ್ತೆ, ಏರಿಸಬೇಕಂದ್ರೆ ಹಳೇ ಲಿಮಿಟ್ಟಿನ ಅವಧಿ ಮುಗಿಯೋವರೆಗೂ ಕಾಯ್ಬೇಕು, ಆಮೇಲೂ "ಹೌದು, ಏರಿಸಿ" ಅಂತ ಮತ್ತೊಂದ್ಸಲ ಒಪ್ಪಬೇಕು. ನಾನು ತಿಂಗಳ ಲಿಮಿಟ್ 60 ಡಾಲರ್ ಇಟ್ಟೆ, ಎಷ್ಟು ಉರಿ ಎದ್ರೂ ಆ ತಿಂಗಳು ಏನೂ ಮಾಡೋಕಾಗಲ್ಲ. ಇನ್ನೂ ಜೋರಾಗಿ ಬೇಕಂದ್ರೆ 72 ಗಂಟೆ ಅಕೌಂಟನ್ನೇ ಲಾಕ್ ಮಾಡಬಹುದು. ನಾಲ್ಕು ಆಪ್ ಇತ್ತು, ಮೂರು ಡಿಲೀಟ್ ಮಾಡಿದೆ, ಯಾಕಂದ್ರೆ ಒಂದರಲ್ಲಿ ಲಿಮಿಟ್ ಮುಟ್ಟಿದ್ರೆ ಇನ್ನೊಂದಕ್ಕೆ ಹಾರೋದು ನನ್ನ ಬುದ್ಧಿ, ನನಗೆ ಗೊತ್ತು.

ನಮ್ಮಜ್ಜಂಗೆ ಯಾವ ಆಪೂ ಇರಲಿಲ್ಲ. ನಮ್ಮ ಕಡೆ ಯುಗಾದಿ ಅಂದ್ರೆ ಜೂಜು ಇದ್ದೇ ಇರುತ್ತೆ, ಅರಳಿಕಟ್ಟೆ ಮೇಲೆ ಚಾಪೆ ಹಾಸಿ ಅಂದರ್ ಬಾಹರ್, ಎರಡು ಮೂರು ದಿನ. ಅಜ್ಜ ಎಲೆಅಡಿಕೆ ಚೀಲದಲ್ಲಿ ಒಂದಿಷ್ಟು ಚಿಲ್ಲರೆ ಹಾಕ್ಕೊಂಡು ಹೋಗೋರು, ಅದು ಮುಗೀತು ಅಂದ್ರೆ ಪಂಚೆ ಕೊಡವ್ಕೊಂಡು ಎದ್ದುಬಿಡೋರು, ಸಾಲ ಕೊಡ್ತೀನಿ ಕೂತ್ಕೊಳ್ಳಿ ಗೌಡ್ರೇ ಅಂದ್ರೂ "ಹೊಸತೊಡಕಿನ ಬಾಡು ತಣ್ಣಗಾಯ್ತದೆ ಕಣ್ಲಾ" ಅಂತ ಹೊರಟೇಬಿಡೋರು. ಅದೇ ಚಾಪೇಲಿ ಸೈಕಲ್ ಸೋತು ನಡ್ಕೊಂಡು ಮನೆಗೆ ಹೋದವರನ್ನೂ ನೋಡಿದ್ದೀನಿ. ಜೂಜು ಎರಡು ಮೂರು ದಿನಕ್ಕೆ ಮುಗಿಯೋದು, ಚಾಪೆ ಸುತ್ತಿ ಒಳಗಿಡೋರು. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎನಲ್ಲಿ ಒಂದು ಸೀಸನ್ನಿಗೆ 1,230 ಲೀಗ್ ಮ್ಯಾಚು, ಪ್ಲೇಆಫ್ ಬೇರೆ. ಚಾಪೆ ಸುತ್ತೋದೇ ಇಲ್ಲ ಇಲ್ಲಿ.

ಆಟಗಾರರ ಕಥೇನೂ ಇದೇ. ಟೊರೊಂಟೊ ರಾಪ್ಟರ್ಸಲ್ಲಿದ್ದ ಜಾಂಟೆ ಪೋರ್ಟರ್‌ನ 2024ರ ಏಪ್ರಿಲಲ್ಲಿ ಎನ್‌ಬಿಎ ಜೀವನಪೂರ್ತಿ ಬ್ಯಾನ್ ಮಾಡ್ತು. ಜೂಜಿನ ಸಾಲ ಮೈಮೇಲೆ ಬಂದಿತ್ತು, ಅದನ್ನ ತೀರಿಸೋಕೆ ಹುಷಾರಿಲ್ಲ ಅಂತ ಮ್ಯಾಚ್ ಮಧ್ಯದಲ್ಲೇ ಎದ್ದು ಹೋಗೋದು, ಅವನ ಸ್ಕೋರ್ ಕಮ್ಮಿ ಆಗುತ್ತೆ ಅಂತ ಮೊದಲೇ ತಿಳ್ಕೊಂಡವರು ಬೆಟ್ ಕಟ್ಟಿ ದುಡ್ಡು ಹೊಡೆಯೋದು. ಜುಲೈನಲ್ಲಿ ಕೋರ್ಟಲ್ಲಿ ತಪ್ಪೊಪ್ಕೊಂಡ. ಎನ್‌ಬಿಎ ಆಡೋ ಹುಡುಗ, ನಮ್ಮಂಥವರಿಗಿಂತ ಎಷ್ಟೋ ಜಾಸ್ತಿ ಸಂಬಳ, ಅವನ ಕೈಲೇ ಆಗಲಿಲ್ಲ. ಅವತ್ತಿಂದ ಇಂಥ ಆಟಗಾರ ಇಷ್ಟು ಪಾಯಿಂಟ್ ಹೊಡೀತಾನೆ ಅನ್ನೋ ಬೆಟ್ಟುಗಳನ್ನೂ ಬಿಟ್ಟೆ.

ಇದರ ಮಧ್ಯೆ ನನಗೆ ಒಂದು ಖುಷಿ ನೆನಪಾಗುತ್ತೆ. 2022ರ ಮಾರ್ಚು. ನಮ್ಮ ಮನೆಯಿಂದ ನಡೆದು ಹೋಗೋ ದೂರದಲ್ಲಿ ಕೆನಡಿ ಬುಲೆವಾರ್ಡ್ ಮೇಲೆ ಸೇಂಟ್ ಪೀಟರ್ಸ್ ಅಂತ ಒಂದು ಸಣ್ಣ ಯೂನಿವರ್ಸಿಟಿ ಇದೆ, ಜರ್ನಲ್ ಸ್ಕ್ವೇರಲ್ಲಿ ದೋಸೆ ತಿನ್ನೋಕೆ ಬರೋ ನಮ್ಮೋರಿಗೆ ಅದು ಇದೆ ಅಂತಾನೂ ಗೊತ್ತಿರಲ್ಲ. ಆ ಹುಡುಗರು ಮಾರ್ಚ್ ಮ್ಯಾಡ್‌ನೆಸ್ ಅನ್ನೋ ಕಾಲೇಜು ಟೀಮ್‌ಗಳ ದೊಡ್ಡ ಟೂರ್ನಮೆಂಟಲ್ಲಿ 15ನೇ ಸೀಡ್ ಆಗಿ, ಅಂದ್ರೆ ಶ್ರೇಯಾಂಕದಲ್ಲಿ ಹೆಚ್ಚುಕಮ್ಮಿ ಕೊನೇಲಿ, ಹೋಗಿ ಕೆಂಟಕಿನ ಓವರ್‌ಟೈಮಲ್ಲಿ 85-79ಕ್ಕೆ ಹೊಡೆದ್ರು, ಆಮೇಲೆ ಮರ್ರೇ ಸ್ಟೇಟ್, ಆಮೇಲೆ ಪರ್ಡ್ಯೂ 67-64. ಕೊನೇ ಎಂಟಕ್ಕೆ ಹೋದ ಮೊದಲ 15ನೇ ಸೀಡ್ ಅವರು. ಮಜಾ ಏನಂದ್ರೆ ನ್ಯೂಜೆರ್ಸಿಲಿ ಇದ್ಕೊಂಡು ನ್ಯೂಜೆರ್ಸಿ ಕಾಲೇಜು ಟೀಮ್ ಮೇಲೆ ಬೆಟ್ ಕಟ್ಟೋ ಹಂಗಿಲ್ಲ, 2021ರಲ್ಲಿ ಅದನ್ನ ಬದಲಾಯಿಸೋಣ್ವಾ ಅಂತ ಓಟಿಗೆ ಹಾಕಿದ್ರು, ಜನ ಬೇಡ ಅಂದ್ರು. ಹಂಗಾಗಿ ನನ್ನ ಹತ್ರ ಒಂದು ಪೈಸಾ ಬೆಟ್ ಇರಲಿಲ್ಲ. ಪರ್ಡ್ಯೂ ಮ್ಯಾಚ್ ಮುಗಿದಾಗ ಹೆಂಡತಿ, ನಾನು, ಪಕ್ಕದ ಮನೆ ಫಿಲಿಪಿನೋ ಅಜ್ಜ, ಮೂರೂ ಜನ ಕಾರಿಡಾರಲ್ಲಿ ಕುಣಿದಿದ್ದೀವಿ. ಸ್ಪ್ರೆಡ್ ಎಷ್ಟಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಆದ್ರೆ ಸ್ಕೋರ್ ಮೂರೂ ಬಾಯಲ್ಲಿದೆ. ಕೊರಿಯಾ ರಾತ್ರಿ ಆದ್ಮೇಲೆ ನಾನು ನನ್ನನ್ನೇ ಅಳೆಯೋಕೆ ಇಟ್ಕೊಂಡಿರೋ ಅಳತೆ ಇದು: ವಾರಕ್ಕೆ ಒಂದು ಪೂರ್ತಿ ಮ್ಯಾಚು ಬೆಟ್ ಇಲ್ದೆ ನೋಡ್ತೀನಿ, ಬೋರ್ ಆಯ್ತು ಅಂದ್ರೆ ಆ ವಾರ ಬೆಟ್ಟೇ ಇಲ್ಲ.

ಮೈಸೂರಲ್ಲಿರೋ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿ "ಅಣ್ಣ, ಎನ್‌ಬಿಎಗೆ ಯಾವ ಸೈಟ್ ಒಳ್ಳೇದು ಹೇಳೋ" ಅಂದ. ಬೈದೆ. ಭಾರತದಲ್ಲಿ 2025ರ ಆಗಸ್ಟಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸೋ ಕಾನೂನೇ ಪಾಸಾಗಿದೆ, ಅಲ್ಲಿ ಸಿಗೋದೆಲ್ಲಾ ಎಲ್ಲೋ ಹೊರದೇಶದಲ್ಲಿ ಕೂತ ಸೈಟು, ಡೆಪಾಸಿಟ್ ಲಿಮಿಟ್ಟೂ ಇಲ್ಲ, ಗೆದ್ದ ದುಡ್ಡು ಕೊಡ್ಲಿಲ್ಲ ಅಂದ್ರೆ ಯಾರನ್ನ ಕೇಳ್ತೀಯ? ನಾನು ಹೇಳ್ತಿರೋ ಯಾವ ಉಪಾಯಾನೂ ಅಲ್ಲಿ ನಡೆಯಲ್ಲ. ಮ್ಯಾಚ್ ನೋಡು, ಬೆಳಿಗ್ಗೆ ಆರಕ್ಕೆ ಎದ್ದು ನೋಡು, ಸಾಕು ಅಂದೆ.

ಇಲ್ಲೂ ಎಲ್ಲರಿಗೂ ಇದು ನಡೆಯಲ್ಲ. ಆಫೀಸಲ್ಲಿ ನನ್ನ ಫ್ರೆಂಡ್ ಒಬ್ಬ, ಲಿಮಿಟ್ ಗಿಮಿಟ್ ಎಲ್ಲಾ ಟ್ರೈ ಮಾಡಿ ಆಗದೆ, ನನ್ನನ್ನ ಆಡೋಕೆ ಬಿಡಬೇಡಿ ಅಂತ ನಾವೇ ಕೇಳ್ಕೊಳ್ಳೋ ಸ್ಟೇಟಿನ ಸೆಲ್ಫ್ ಎಕ್ಸ್‌ಕ್ಲೂಷನ್ ಪಟ್ಟಿಗೆ ಐದು ವರ್ಷಕ್ಕೆ ಹೆಸರು ಬರೆಸಿದ, ಒಂದು ವರ್ಷದ್ದೂ ಇದೆ, ಅವನು ಐದೇ ಇರಲಿ ಅಂದ. ಅದಕ್ಕೂ ಮುಂಚೆ ಜೂಜಿನ ಸಹಾಯವಾಣಿ 1-800-ಗ್ಯಾಂಬ್ಲರ್‌ಗೆ ಫೋನ್ ಮಾಡಿದ್ದನಂತೆ, ಪ್ರತಿ ಜಾಹೀರಾತಿನ ಕೊನೇಲಿ ಸಣ್ಣ ಅಕ್ಷರದಲ್ಲಿ ಬರೋ ಅದೇ ನಂಬರು. ನನಗಿಂತ ಧೈರ್ಯ ಅವನಿಗೇ ಜಾಸ್ತಿ.

ನಾನು ಮಾಡೋದು ಇಷ್ಟೇ, ಸೀಸನ್ ಶುರುವಾಗೋಕೆ ಮುಂಚೆ, ಅಕ್ಟೋಬರಲ್ಲಿ, ಜೂಜು ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗ್ಯಾಂಬ್ಲರ್ಸ್ ಅನಾನಿಮಸ್‌ನವರ 20 ಪ್ರಶ್ನೆ ತಗೊಂಡು ಡೈನಿಂಗ್ ಟೇಬಲ್ ಮುಂದೆ ಕೂತ್ಕೋತೀನಿ, ಅವಳು ಓದ್ತಾಳೆ, ನಾನು ಹೌದು ಇಲ್ಲ ಅಂತೀನಿ. ಏಳು ಹೌದು ಬಂದ್ರೆ ಯೋಚ್ನೆ ಮಾಡಬೇಕಾದ ವಿಷಯ ಅಂತ ಲೆಕ್ಕ. ಕೊರಿಯಾ ಆದ ಆ ವರ್ಷ ಆರು ಬಂದಿತ್ತು. "ಜೂಜಿನಿಂದ ನಿದ್ದೆ ಕೆಟ್ಟಿದೆಯಾ" ಅಂತ ಒಂದು ಪ್ರಶ್ನೆ ಇದೆ, ನಾನು ಇಲ್ಲ ಅಂದೆ, ಅವಳು ಪೆನ್ ತಗೊಂಡು ಹೌದು ಅಂತ ಗುರುತು ಹಾಕಿದ್ಲು. "ಕೆಟ್ಟಿದ್ದು ನನ್ನ ನಿದ್ದೆ ಕಣ್ರೀ, ಪ್ರಶ್ನೇಲಿ ಯಾರ್ದು ಅಂತ ಬರೆದಿಲ್ಲ." ಹಂಗಾಗಿ ಏಳು. ಈ ಸಲ ಒಂದು ಬಂದಿದೆ, ಯಾವುದು ಅಂತ ಅವಳಿಗೆ ಗೊತ್ತು.